ಗಟ್ಟಿಮೇಳ ತುಂಡಾದ ಬೇಸಿಗೆ

ಮದುವೆ ಮನೆಯ ವಾಸನೆಗಳನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹಸಿ ತೆಂಗಿನಗರಿ, ಕುದಿಯುವ ಸಾರು, ಕರ್ಪೂರ, ಹೆಣ್ಣಿನ ಕಡೆಯವರ ಮಲ್ಲಿಗೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಲ್ಯಾಣಮಂಟಪಗಳಲ್ಲಿ ಮದುವೆ ಕಂಟ್ರಾಕ್ಟ್ ಮಾಡಿಕೊಂಡೇ ತಲೆ ನರೆತವನು ನಾನು. ಶುರು ಮಾಡಿದ್ದು ಪಂಕ್ತಿಯಲ್ಲಿ ನೀರು ಬಡಿಸುವುದರಿಂದ. ಈಗ ಅಡುಗೆಯವರು, ಓಲಗದವರು, ಹೂವಿನವರು, ವಿಡಿಯೋದವರು ಎಲ್ಲರನ್ನೂ ಒಂದು ಮಾತಿಗೆ ತಂದು ನಿಲ್ಲಿಸುವುದೇ ನನ್ನ ಕಸುಬು. ಹಾಗಾಗಿ ಮೊನ್ನೆ ಜೆ.ಪಿ. ನಗರದ ಮಂಟಪವೊಂದರಲ್ಲಿ ವೇದಿಕೆ ಹಿಂದಿನ ಕೋಣೆಗೆ ಕಾಲಿಟ್ಟಾಗ ಅಲ್ಲಿ ಇರಬಾರದ ವಾಸನೆಯೊಂದು ಮೂಗಿಗೆ ಬಡಿಯಿತು. ಓಮದ ನೀರು.

ನಾದಸ್ವರದವನು, ನಲವತ್ತರ ಆಸುಪಾಸಿನವನು, ಗೋಡೆಗೆ ಒರಗಿ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಪಕ್ಕೆಲುಬಿನ ಕೆಳಗೆ ಒಂದು ವಸ್ತ್ರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತಲೆ ಮಾತ್ರ ಇಪ್ಪತ್ತು ವರ್ಷ ಹಿಂದಕ್ಕೆ, ಮುನಿಸ್ವಾಮಿಯ ಆ ಬೇಸಿಗೆಗೆ ಹೋಗಿತ್ತು.

ಮುನಿಸ್ವಾಮಿ ಕತ್ರಿಗುಪ್ಪೆಯವನು. ಬಡಾವಣೆ ಏಳುವ ಮೊದಲಿನ ಊರಿನವರು ಅವರು. ಅಪ್ಪ, ತಾತ ಎಲ್ಲರೂ ನಾದಸ್ವರ ಊದಿದವರು. ನಾನು ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಅವನು ಅಪ್ಪನ ಹಿಂದೆ ಶ್ರುತಿ ಹಿಡಿದು ಕೂರುತ್ತಿದ್ದ. ಇಬ್ಬರೂ ಒಟ್ಟಿಗೆ ಮೇಲೆ ಬಂದೆವು. ನನ್ನ ಕಂಟ್ರಾಕ್ಟ್ ಎಂದರೆ ಓಲಗ ಮುನಿಸ್ವಾಮಿಯದೇ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದರೆ, ತಾಳಿಯ ಮೂರನೇ ಗಂಟು ಬೀಳುವವರೆಗೆ ಅವನ ಉಸಿರು ಮುರಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರೋ ಸೀನಲಿ, ಯಾರೋ ಅಪಶಕುನದ ಮಾತಾಡಲಿ, ಮದುಮಕ್ಕಳ ಕಿವಿಗೆ ಬೀಳಬಾರದು, ಅದಕ್ಕೇ ಗಟ್ಟಿಮೇಳ.

ಆ ವರ್ಷ ಚೈತ್ರದಲ್ಲಿ, ಜಯನಗರದ ಶ್ರೀನಿವಾಸಮೂರ್ತಿಯವರ ದೊಡ್ಡ ಮಗಳು ಸುಧಾಳ ಮದುವೆಯಲ್ಲಿ, ಆ ಗಟ್ಟಿಮೇಳ ನಡುವೆಯೇ ತುಂಡಾಯಿತು.

ಎರಡನೇ ಗಂಟು ಬೀಳುವಾಗ ನಾದಸ್ವರ ಒಂದು ಸಲ ಕೀಚಲಾಗಿ ಕೂಗಿ ನಿಂತಿತು. ಡೋಲಿನವನು ಒಬ್ಬನೇ ನಾಲ್ಕು ಪೆಟ್ಟು ಬಡಿದು ನಿಲ್ಲಿಸಿದ. ಆ ಮೌನದಲ್ಲಿ, ಅಡುಗೆಮನೆ ಕಡೆ ಯಾರ ಕೈಯಿಂದಲೋ ತಟ್ಟೆಗಳ ರಾಶಿ ಜಾರಿಬಿದ್ದ ಶಬ್ದ ಇಡೀ ಮಂಟಪಕ್ಕೆ ಕೇಳಿಸಿತು. ಮೂರ್ತಿಯವರು ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು, ದನಿಯೆತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ನನ್ನ ಹತ್ತಿರ ಬಂದು, “ನಾಗರಾಜ್, ಇವನನ್ನ ಇನ್ನು ನನ್ನ ಕಣ್ಣಿಗೆ ತೋರಿಸಬೇಡಿ,” ಎಂದರು. ಅಷ್ಟೇ. ಅಷ್ಟು ಸಾಕಾಗಿತ್ತು.

ಮುನಿಸ್ವಾಮಿ ಹಿಂದಿನ ಕೋಣೆಯಲ್ಲಿ ಮಂಡಿಗೆ ಹಣೆ ಆನಿಸಿ ಕೂತಿದ್ದ. ಬೆವರಿಗೆ ಅಂಗಿ ಮೈಗೆ ಅಂಟಿತ್ತು.

“ಏನಾಯ್ತೋ?”

“ಗಾಳಿ ಕಣ ನಾಗಣ್ಣ. ಒಳಕ್ಕೆ ತಿರುಗ್‌ಕೊಂಡ್‌ಬಿಡ್ತು.”

ಓಲಗದವರಲ್ಲಿ ಒಂದು ನಂಬಿಕೆ ಇತ್ತು. ಊದುವ ಗಾಳಿಯಲ್ಲಿ ಒಂದಿಷ್ಟು ಹೊರಗೆ ಹೋಗದೆ ಒಳಕ್ಕೆ ತಿರುಗಿ ಬಲ ಪಕ್ಕೆಯ ಕೆಳಗೆ ಗಂಟು ಕಟ್ಟುತ್ತದಂತೆ. ಅದಕ್ಕೆ ಓಮದ ನೀರು, ಇಂಗು, ಸೋಡಾ. ಜಾಸ್ತಿಯಾದರೆ ವಸ್ತ್ರ ಬಿಗಿದು ಗಾಳಿಯನ್ನು ಅದುಮಿ ಇಡುವುದು. ಅವನ ಅಪ್ಪನೂ ಹಾಗೇ ಬಿಗಿಯುತ್ತಿದ್ದರು. ಆರು ತಿಂಗಳಿಂದ ಮದುವೆ ಊಟ ಆದ ಮೇಲೆಲ್ಲ ಮುನಿಸ್ವಾಮಿಗೆ ಈ ಗಾಳಿ ಕಾಡುತ್ತಿತ್ತಂತೆ, ಹೆಂಡತಿ ರತ್ನಮ್ಮನಿಗೂ ಹೇಳಿರಲಿಲ್ಲ. ಊದುವವನು ತನಗೆ ಗಾಳಿ ಹಿಡಿದಿದೆ ಎಂದು ಹೇಳಿಕೊಳ್ಳುವುದು ಅವಮಾನ ಅವರಲ್ಲಿ.

ಗಾಳಿಯಲ್ಲ ಎಂದು ಕಂಡುಹಿಡಿದದ್ದು ವಿಡಿಯೋ ಬಾಬು. ವಾರದ ಮೇಲೆ ಬನಶಂಕರಿಯ ತನ್ನ ಸ್ಟುಡಿಯೋಗೆ ನನ್ನನ್ನು ಕರೆದು ಸುಧಾಳ ಮದುವೆ ಟೇಪು ಹಾಕಿದ. “ಗುರುವೇ, ಕಲರ್ ಕೆಟ್ಟಿದೆ ಅನ್ಕೊಂಡು ಎರಡು ದಿನ ಒದ್ದಾಡಿದೀನಿ. ನೋಡಿ, ಪುರೋಹಿತರ ಪಂಚೆ ಬಿಳಿ. ಗಂಡಿನ ಪೇಟ ಬಿಳಿ. ಮುನಿಸ್ವಾಮಣ್ಣನ ಕಣ್ಣು ಮಾತ್ರ ಅರಿಶಿನ.” ಟೇಪನ್ನು ಅಲ್ಲೇ ನಿಲ್ಲಿಸಿದ. ಲೈಟಿನ ಬೆಳಕಿಗೆ ಕಣ್ಣಗಲಿಸಿ ಊದುತ್ತಿದ್ದ ಮುನಿಸ್ವಾಮಿಯ ಕಣ್ಣಿನ ಬಿಳಿ ಭಾಗ ನಿಜಕ್ಕೂ ಹಳದಿಯಾಗಿತ್ತು.

ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದ ತುಂಬ ಕಲ್ಲು. ಒಂದು ಜಾರಿ ಪಿತ್ತನಾಳಕ್ಕೆ ಇಳಿದು ಅಡ್ಡ ಕೂತಿದೆ, ಕಾಮಾಲೆ ಅದರಿಂದ. ಮೊದಲು ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆಯಬೇಕು, ಆಮೇಲೆ ಪಿತ್ತಕೋಶವನ್ನೇ ತೆಗೆಯಬೇಕು ಎಂದರು.

“ಹೊಟ್ಟೆ ಕೊಯ್ತಾರಾ?” ಮುನಿಸ್ವಾಮಿ ಕೇಳಿದ್ದು ಅದೊಂದೇ. ಗಟ್ಟಿಮೇಳ ಊದುವುದು ಕೆನ್ನೆಯಿಂದಲ್ಲ, ಹೊಟ್ಟೆಯಿಂದ. ಅವರ ಕಡೆಯ ಒಬ್ಬರಿಗೆ ಪಕ್ಕೆಯ ಕೆಳಗೆ ಅಡ್ಡಡ್ಡ ಕೊಯ್ದು ಹೊಲಿದ ಮೇಲೆ ಅವರು ಉಸಿರು ಹಿಡಿಯಲಾಗದೆ ತಾಳ ತಟ್ಟಿಕೊಂಡು ಕೂತಿದ್ದನ್ನು ಅವನು ಕಂಡಿದ್ದ. “ಕೊಯ್ಯೋದಾದ್ರೆ ಬೇಡ. ಹಿಂಗೇ ಇದ್ದು ಹೋಗ್ತೀನಿ.”

“ಲೋ, ಹೋಗೋನು ಹೋಗ್ತೀಯ, ರತ್ನಮ್ಮನ್ನ ಯಾರು ನೋಡ್ಕೊಳ್ಳೋರು? ಈಗ ತೂತು ಮಾಡಿ ತೆಗೀತಾರಂತೆ. ನಾನು ವಿಚಾರಿಸ್ತೀನಿ, ಸುಮ್ನಿರು,” ಎಂದೆ.

ವಿಚಾರಿಸುವುದು ಹೇಗೆಂದು ನನ್ನನ್ನು ಕೇಳಿ. ಅಡುಗೆಯವರನ್ನು ಗೊತ್ತು ಮಾಡುವಾಗ ನಾನು ರುಚಿ ನೋಡುವುದಿಲ್ಲ. ರುಚಿ ಎಲ್ಲರೂ ತೋರಿಸುತ್ತಾರೆ. “ಏನು ಕೆಡಬಹುದು ಸ್ವಾಮಿ?” ಎಂದು ಕೇಳುತ್ತೇನೆ. ಏನೂ ಕೆಡಲ್ಲ ಎಂದವನಿಗೆ ಕೈ ಮುಗಿದು ಎದ್ದು ಬರುತ್ತೇನೆ. ಮಳೆ ಬಂದರೆ ಒಲೆ ಎಲ್ಲಿಡೋದು, ಹಾಲು ಒಡೆದರೆ ಏನು ಬಡಿಸೋದು ಎಂದು ತಾನೇ ಶುರು ಮಾಡುವವನನ್ನು ಬಿಡುವುದಿಲ್ಲ. ಡಾಕ್ಟರುಗಳಿಗೂ ಅದೇ ಪ್ರಶ್ನೆ ಹಾಕಿದೆ. ಆಗ ತೂತಿನ ಆಪರೇಷನ್ ಎಂದರೆ ಹೊಸ ಮೋಜು, ಎಲ್ಲ ಕಡೆ ಬೋರ್ಡು. ಗಾಜಿನ ಬಾಗಿಲಿನ ಒಂದು ದೊಡ್ಡ ಕಡೆ, “ಡೋಂಟ್ ವರಿ, ಏನೂ ಆಗಲ್ಲ, ಮೂರನೇ ದಿನ ಮನೆಗೆ,” ಎಂದರು. ಕೈ ಮುಗಿದೆ.

ಜಯನಗರದ ಒಳ ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ಧಾರವಾಡ ಕಡೆಯ ಸರ್ಜನ್ ಒಬ್ಬರು ಸಿಕ್ಕರು. ತೆಳ್ಳಗಿನ ಆಸಾಮಿ. ನನ್ನ ಪ್ರಶ್ನೆಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಕೇಳ್ರಿ. ನಾಕು ಸಣ್ಣ ತೂತು ಹಾಕ್ತೀನಿ. ಗ್ಯಾಸ್ ತುಂಬಿ ಹೊಟ್ಟಿ ಉಬ್ಬಿಸ್ತೀನಿ, ಒಳಗ ಕೈಯಾಡಸಾಕ ಜಾಗಾ ಬೇಕಲ್ಲ. ಕ್ಯಾಮೆರಾ ಒಳಗ ಹೋಗ್ತದ, ನಾ ಟಿವ್ಯಾಗ ನೋಡಕೋತ ಕೆಲಸಾ ಮಾಡ್ತೀನಿ. ಪಿತ್ತಕೋಶಕ್ಕ ಹತ್ತಿಕೊಂಡ ಪಿತ್ತನಾಳ ಅದ. ಅದಕ್ಕ ಕತ್ತರಿ ತಗಲ್ತಂದ್ರ ಮನಷ್ಯಾ ಜೀವಮಾನ ಪೂರ್ತಿ ಒದ್ದಾಡ್ತಾನ. ನನಗ ಸರಿಯಾಗಿ ಕಾಣಲಿಲ್ಲ ಅಂದ್ರ ಹೊಟ್ಟಿ ತೆರೀತೀನಿ. ತೆರದ್ರ ನಾ ಸೋತೆ ಅಂತಲ್ರಿ, ಅವಾ ಉಳದಾ ಅಂತ.”

ಮುನಿಸ್ವಾಮಿ ಕೈ ಜೋಡಿಸಿದ. “ತೆರೆಯಲ್ಲ ಅಂತ ಒಂದು ಮಾತು ಕೊಡಿ ಸ್ವಾಮಿ.”

“ಮಾತು ಕೊಡೂದಿಲ್ಲ. ಪ್ರಯತ್ನ ಕೊಡ್ತೀನಿ.”

ಹೊರಗೆ ಬಂದು, “ಇವರೇ,” ಎಂದೆ. ಮುನಿಸ್ವಾಮಿಯ ಮುಖ ಕಪ್ಪಿಟ್ಟಿತ್ತು. “ಮಾತು ಕೊಡದೆ ಇರೋರ ಹತ್ರ ಕರ್ಕೊಂಡು ಬಂದ್ಯಲ್ಲ ಗುರು,” ಎಂದ. ಸುಳ್ಳು ಮಾತು ಕೊಡದವರ ಹತ್ತಿರ ಮಾತ್ರ ವ್ಯವಹಾರ ಮಾಡಬೇಕು ಎಂದು ಅವನಿಗೆ ಆಟೋದಲ್ಲಿ ದಾರಿಯುದ್ದಕ್ಕೂ ಹೇಳಿದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಬಾಯಿಯ ಕೊಳವೆ ಸುಸೂತ್ರವಾಗಿ ಆಯಿತು. ಕಣ್ಣಿನ ಹಳದಿ ನಿಧಾನವಾಗಿ ಇಳಿಯಿತು. ಪಿತ್ತಕೋಶದ ದಿನ ವೈಶಾಖದ ಬಿಸಿಲು ಹೆಂಚಿನ ಹಾಗೆ ಕಾದಿತ್ತು. ರತ್ನಮ್ಮ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚು ತಿರುಚುತ್ತಿದ್ದಳು. ಹೇಳಿದ್ದ ಹೊತ್ತು ದಾಟಿತು. ಸರ್ಜನ್ ಮಾಸ್ಕ್ ಕೆಳಗೆಳೆದುಕೊಂಡು ಹೊರಗೆ ಬಂದರು.

“ಭಾಳ ದಿನದ್ದದ ತಾಯಿ ಇದು. ಒಂದಕ್ಕೊಂದು ಅಂಟಿಕೊಂಡು ಕೂತಾವ, ಯಾವುದು ಕೋಶ ಯಾವುದು ನಾಳ ಗೊತ್ತಾಗವಲ್ದು. ಪಕ್ಕಿ ಮ್ಯಾಲ ಗುರ್ತು ಅದ, ಬಟ್ಟಿ ಬಿಗೀತಿದ್ನೇನು ಅವಾ?”

“ಹೂಂ ಸ್ವಾಮಿ. ಗಾಳಿ ಅಂತ,” ಎಂದೆ.

“ನೋವು ಮುಚ್ಚಿಟ್ಕೊಂಡು ಕೂತಾನ ನೋಡ್ರಿ. ಈಗ ಪೂರಾ ತಗೀಬೇಕಂದ್ರ ತೆರೀಬೇಕು. ಇಲ್ಲಾಂದ್ರ ನಾಳಕ್ಕ ಅಂಟಿದ ಗ್ವಾಡಿ ಅಷ್ಟು ಅಲ್ಲೇ ಬಿಟ್ಟು, ಕಲ್ಲೆಲ್ಲಾ ತಗದು, ಬಾಯಿ ಹೊಲದು ತೂತಿನಾಗ ಮುಗಸ್ತೀನಿ. ಸ್ವಲ್ಪ ದಿನಾ ಪಿತ್ತ ಸೋರಬಹುದು, ಟ್ಯೂಬ್ ಇಡ್ತೀನಿ. ಉಳಿದದ್ರಾಗ ಮುಂದ ಕಲ್ಲು ಆದ್ರೂ ಆಗಬಹುದು. ಜೀವಕ್ಕ ಎರಡೂ ದಾರಿ ಅದಾವ.”

ನಾನು ಬಾಯಿ ತೆರೆಯುವ ಮೊದಲೇ ರತ್ನಮ್ಮ ಎದ್ದಳು. “ನನ್ನನ್ನ ಕೇಳಿದ್ರೆ ಕೊಯ್ದು ಪೂರ್ತಿ ತೆಗೀರಿ ಅಂತೀನಿ ಸಾರ್. ನನಗೆ ಓಲಗ ಬೇಡ, ಮನುಷ್ಯ ಬೇಕು. ಆದ್ರೆ ಎದ್ದ ಮೇಲೆ ಆ ಮನುಷ್ಯ ನನ್ನ ಮುಖ ನೋಡಲ್ಲ. ಜೀವಕ್ಕೆ ಮೋಸ ಇಲ್ಲ ಅಂತ ನೀವು ಹೇಳೋದಾದ್ರೆ, ಆ ಗೋಡೆ ಅಲ್ಲೇ ಇರ್ಲಿ.”

ಸರ್ಜನ್ ತಲೆಯಾಡಿಸಿ ಒಳಗೆ ಹೋದರು. ಕೊನೆಯವರೆಗೂ ಎಳೆಯದೆ ಒಂದಿಷ್ಟು ಬಿಟ್ಟುಕೊಟ್ಟು ಮಾತು ಮುಗಿಸುವುದು ನನ್ನ ಕಸುಬಿನಲ್ಲೂ ಇದೆ. ಹೊಟ್ಟೆಯೊಳಗೂ ಅದೇ ನಡೆಯುತ್ತದೆ ಎಂದು ಅವತ್ತು ತಿಳಿಯಿತು.

ಎಚ್ಚರವಾದ ಮೇಲೆ ಮುನಿಸ್ವಾಮಿ ಮೊದಲು ಹೊಟ್ಟೆ ಸವರಿಕೊಂಡ. ನಾಲ್ಕು ಪುಟ್ಟ ಪಟ್ಟಿ, ಪಕ್ಕದಲ್ಲಿ ಒಂದು ಟ್ಯೂಬು. ಮಾರನೇ ದಿನ ಭುಜ ನೋಯುತ್ತಿದೆ ಎಂದಾಗ ನರ್ಸಮ್ಮ, “ಒಳಗೆ ತುಂಬಿದ ಗ್ಯಾಸ್ ಅಣ್ಣ, ಇಳಿಯುತ್ತೆ,” ಎಂದಳು.

“ನೋಡ್ದಾ ನಾಗಣ್ಣ, ಇಷ್ಟು ವರ್ಷ ನಾನು ಊದ್ದೆ. ಈಗ ಇವರು ನನ್ನನ್ನೇ ಊದಿದ್ರು.” ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ಆಮೇಲೆ ಸೀಸೆಯಲ್ಲಿ ಹಾಕಿಟ್ಟಿದ್ದ ಕಲ್ಲುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದ. “ಅಪ್ಪನ ಕಣ್ಣೂ ಕೊನೇಲಿ ಹಳದಿ ಆಗಿತ್ತು. ನಾವು ಇಂಗು ಅರೆದು ಅರೆದು ಹಚ್ಚಿದ್ವಿ.”

ಪಿತ್ತ ಸೋರುವುದು ನಿಂತು ಟ್ಯೂಬು ತೆಗೆಯುವಷ್ಟರಲ್ಲಿ ಜ್ಯೇಷ್ಠ ಮುಗಿದಿತ್ತು. ಆಷಾಢದಲ್ಲಿ ಮದುವೆಗಳಿಲ್ಲ. ಸರ್ಜನ್ ಊದಲು ಒಪ್ಪಿಗೆ ಕೊಟ್ಟ ದಿನದಿಂದ ಮುನಿಸ್ವಾಮಿ ತಾರಸಿ ಮೇಲೆ ಸಾಧನೆಗೆ ಕೂತ. ಮೊದಮೊದಲು ಕೆಮ್ಮು, ಆಮೇಲೆ ತುಂಡು ಸ್ವರ, ಕೊನೆಗೊಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಅವನ ಉದ್ದದ ಉಸಿರು ರಸ್ತೆ ಕೊನೆಯವರೆಗೂ ಕೇಳಿಸಿತು. ನನ್ನ ಲೆಕ್ಕ ಸರಿಯಾಯಿತು ಎಂದುಕೊಂಡೆ.

ಶ್ರಾವಣದ ಬುಕಿಂಗಿಗೆ ಹೋದಾಗ ಗೊತ್ತಾಯಿತು. ಎರಡು ಕಡೆ ಒಂದೇ ಮಾತು: “ಓಲಗಕ್ಕೆ ಆ ಕುಡುಕ ಬೇಡ.” ಮುನಿಸ್ವಾಮಿ ಸಾರಾಯಿಯ ವಾಸನೆಯೂ ಆಗದ ಮನುಷ್ಯ. ಆದರೆ ಕಣ್ಣು ಹಳದಿ, ಲಿವರ್ ಹತ್ತಿರದ ಕಾಯಿಲೆ, ಮುಹೂರ್ತದಲ್ಲಿ ತಪ್ಪಿದ ಉಸಿರು. ಜನ ಕೂಡಿ ಕಳೆದು ಕುಡಿತ ಎಂದು ಮಾಡಿದ್ದರು. ಆಪರೇಷನ್ ಆಗಿದೆ ಎಂದರೆ, “ಎಲ್ಲಿ ಕೊಯ್ದಿದ್ದಾರೆ ತೋರಿಸಲಿ,” ಎಂದರು. ತೋರಿಸಲು ಏನಿತ್ತು? ಪಟ್ಟಿ ಬಿಚ್ಚಿದ ಮೇಲೆ ಸಿಡುಬಿನ ಕಲೆಗಿಂತ ಸಣ್ಣ ಗುರುತುಗಳು. ಡೋಲಿನವನೇ ಒಂದು ದಿನ, “ಅಣ್ಣ, ಸೊಳ್ಳೆ ಕಚ್ಚಿದ್ದಕ್ಕೆ ಅಡ್ಮಿಟ್ ಆಗಿದ್ಯಾ?” ಎಂದು ತಮಾಷೆ ಮಾಡಿದನಂತೆ. ಅವತ್ತು ಮುನಿಸ್ವಾಮಿ ಊಟ ಮಾಡಲಿಲ್ಲ.

ರತ್ನಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು. “ಕೊಯ್ದೇ ಬಿಡಿ ಅಂತ ನಾನು ಹಠ ಮಾಡ್ಬೇಕಿತ್ತು ನಾಗಣ್ಣ. ಒಂದು ಗೇಣು ಗಾಯ ಇದ್ದಿದ್ರೆ ಜನ ನಂಬ್ತಿದ್ರು.”

ಒಳಗೆ ಹೋಗಿ ಕಾಫಿ ತರಲು ಹೇಳಿದೆ. ಲೋಟ ಬರುವಷ್ಟರಲ್ಲಿ ಒಂದು ದಾರಿ ಹೊಳೆದಿತ್ತು. ಮಾತು ಶುರುವಾದ ಕಡೆಯಿಂದಲೇ ಅದನ್ನು ಕೀಳಬೇಕು. ಶುರುವಾದದ್ದು ಮೂರ್ತಿಯವರ ಮನೆಯಿಂದ. ಶ್ರಾವಣದಲ್ಲಿ ಅವರ ಎರಡನೇ ಮಗಳು ಉಷಾಳ ಮದುವೆ. ಆಪರೇಷನ್ನನ್ನು ಟಿವಿಯಲ್ಲಿ ನೋಡಿಕೊಂಡು ಮಾಡಿದ್ದು ತಾನೇ? ಸರ್ಜನ್ ಹತ್ತಿರ ಅದರ ಕ್ಯಾಸೆಟ್ಟು ಇತ್ತು. ಮುನಿಸ್ವಾಮಿಯ ಒಪ್ಪಿಗೆ ಕೇಳಿ ಒಂದು ಕಾಪಿ ಕೊಟ್ಟರು. “ಮದವಿ ಕ್ಯಾಸೆಟ್ ನೋಡಿದವರಿಗೆ ಇದು ಬ್ಯಾಸರಾಗ್ತದ್ರಿ,” ಎಂದರು.

ಮೂರ್ತಿಯವರ ಹಾಲಿನಲ್ಲಿ ನಾನು, ಮುನಿಸ್ವಾಮಿ, ಅವರು. ಮೊದಲು ಒಳಗೆ ಬಿಡಲು ಒಪ್ಪಲಿಲ್ಲ. ಸುಧಾ ತವರಿಗೆ ಬಂದಿದ್ದವಳು, “ಅಪ್ಪ, ಮಳೇಲಿ ನಿಲ್ಲಿಸಬೇಡಿ,” ಎಂದ ಮೇಲೆ ಬಾಗಿಲು ತೆರೆದರು. ಅವರ ಸಿಟ್ಟಿಗೂ ಕಾರಣ ಇಲ್ಲದೆ ಇರಲಿಲ್ಲ. ಮದುವೆಯಾದ ತಿಂಗಳೊಳಗೆ ಅಳಿಯ ಮಡಿವಾಳದ ಹತ್ತಿರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಬೀಗರ ಮನೆಯಲ್ಲಿ ಗಟ್ಟಿಮೇಳದ ಮಾತು ಎದ್ದಿತ್ತು. ಸುಧಾ ಅದನ್ನೆಲ್ಲ ಕೇಳಿಕೊಂಡೇ ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳಂತೆ.

ಕ್ಯಾಸೆಟ್ ಓಡಿತು. ಪರದೆ ತುಂಬ ಕೆಂಪು, ಹಳದಿ. ಉದ್ದನೆಯ ಇಕ್ಕಳದಂಥದ್ದು ಪದರ ಪದರವಾಗಿ ಏನನ್ನೋ ಬಿಡಿಸುತ್ತಿತ್ತು. ಮೂರ್ತಿಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಲ್ಲುಗಳು ಉದುರುವುದು ಕಂಡಾಗ ನಾನು ಬೆರಳು ತೋರಿಸಿದೆ.

“ಎಲ್ಲಾ ಸರಿ ನಾಗರಾಜ್. ಇದು ಇವನದೇ ಹೊಟ್ಟೆ ಅಂತ ಏನು ಗ್ಯಾರಂಟಿ?”

ನಲವತ್ತು ಥರದ ಗಿರಾಕಿಗಳನ್ನು ಮಾತಿನಲ್ಲಿ ಬಗ್ಗಿಸಿದವನು ನಾನು. ಆದರೆ ಹೊಟ್ಟೆಯೊಳಗೆ ಯಾರ ಮುಖವೂ ಇರುವುದಿಲ್ಲ. ಮುನಿಸ್ವಾಮಿ ಎದ್ದು ನಿಂತು ಅಂಗಿಯ ಗುಂಡಿಗೆ ಕೈ ಹಾಕಿದ. ಮೊದಲ ಗುಂಡಿ ಬಿಚ್ಚಿ, ಎರಡನೆಯದರ ಹತ್ತಿರ ಬೆರಳು ನಿಂತಿತು. ತೋರಿಸಿದರೂ ಏನು ಕಾಣುತ್ತದೆ ಎಂದು ನೆನಪಾಗಿರಬೇಕು. ಹಾಗೇ ಮತ್ತೆ ಗುಂಡಿ ಹಾಕಿಕೊಂಡ.

“ಅಪ್ಪ,” ಎಂದಳು ಸುಧಾ ಬಾಗಿಲಿನಿಂದ. “ಅವತ್ತು ನೀವೆಲ್ಲ ತಾಳಿ ನೋಡ್ತಿದ್ರಿ. ನನ್ನ ಎದುರಿಗೆ ಕೂತಿದ್ದಿದ್ದು ಇವರು. ಮೊದಲನೇ ಗಂಟು ಹಾಕೋಕ್ಕೆ ಮುಂಚೆನೇ ಇವರ ಕಣ್ಣಲ್ಲಿ ನೀರು ಬರ್ತಿತ್ತು. ಮೊಣಕೈಯಲ್ಲಿ ಪಕ್ಕೆ ಒತ್ಕೊಂಡು ಊದ್ತಿದ್ರು. ಕುಡಿದೋರು ಹಂಗೆ ಊದಲ್ಲ. ಗಟ್ಟಿಮೇಳ ನಿಂತಿದ್ದಕ್ಕೆ ನಮ್ಮನೆಯವರು ಕಾಲು ಮುರ್ಕೊಂಡಿಲ್ಲ, ಹೆಲ್ಮೆಟ್ ಇಲ್ಲ, ಬ್ರೇಕ್ ಇಲ್ಲ, ಹಂಗೆ ಗಾಡಿ ಓಡಿಸಿದ್ದಕ್ಕೆ ಮುರ್ಕೊಂಡಿದ್ದು. ಉಷಾ ಮದುವೆಗೂ ಇವರೇ ಊದ್ಲಿ. ಆಗ ನಮ್ಮತ್ತೆ ಬಾಯಿ ಮುಚ್ಚುತ್ತೆ.”

ಮೂರ್ತಿಯವರು ಟಿವಿ ಆರಿಸಿದರು. “ಆಗ್ಲಿ. ಆದ್ರೆ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇರುತ್ತೆ. ನಿಂತರೆ ಅದನ್ನ ಒತ್ತೋದು,” ಎಂದರು.

ನಾನು ಇನ್ನೂ ಜಗ್ಗಾಡುತ್ತಿದ್ದೆನೇನೋ. ಮುನಿಸ್ವಾಮಿ, “ಇರ್ಲಿ ಬುದ್ಧಿ,” ಎಂದುಬಿಟ್ಟ.

ಶ್ರಾವಣದ ಆ ಬೆಳಿಗ್ಗೆ ಅವನ ಮಗ್ಗುಲಲ್ಲೇ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟಿದ್ದರು, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹುಡುಗಿಯ ಸೋದರಮಾವ. ಬಂದ ನೆಂಟರೆಲ್ಲ ಅದನ್ನು ನೋಡಿ, ಮುನಿಸ್ವಾಮಿಯನ್ನು ನೋಡಿ, ಪಿಸುಗುಟ್ಟುತ್ತಿದ್ದರು. ಮುನಿಸ್ವಾಮಿ ಮಾತ್ರ ಪೀಪಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಿದ್ದ. ಸೊಂಟಕ್ಕೆ ವಸ್ತ್ರ ಇರಲಿಲ್ಲ. ಪುರೋಹಿತರು ಕೈಯೆತ್ತಿದರು.

ಮೊದಲ ಗಂಟು. ಎರಡನೆಯ ಗಂಟು. ನಾನು ಮದುಮಕ್ಕಳನ್ನು ನೋಡಲೇ ಇಲ್ಲ, ಅವನ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ಮೂರನೆಯ ಗಂಟೂ ಬಿತ್ತು. ಪುರೋಹಿತರು ಸಾಕೆಂದು ಕೈ ಮಾಡಿದರು. ಮುನಿಸ್ವಾಮಿ ನಿಲ್ಲಿಸಲಿಲ್ಲ. ಅಕ್ಷತೆ ಬಿದ್ದು ಮುಗಿಯಿತು, ಡೋಲಿನವನ ಕೈ ಸೋತಿತು, ಆದರೂ ನಿಲ್ಲಿಸಲಿಲ್ಲ. ಕಣ್ಣು ಮೂರ್ತಿಯವರ ಮೇಲೆ ನೆಟ್ಟಿತ್ತು. ಕೊನೆಗೆ ಅವರೇ ನಾಲ್ಕು ಹೆಜ್ಜೆ ಬಂದು, ಭಾವಮೈದುನನ ಬೆರಳನ್ನು ಟೇಪ್ ರೆಕಾರ್ಡರಿನಿಂದ ತೆಗೆಸಿ, “ಸಾಕಪ್ಪ,” ಎಂದರು. ಆಗ ನಿಂತಿತು.

ಹೆಸರು ಪೂರ್ತಿ ವಾಪಸ್ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಮೇಲಿನ ವರ್ಷಗಳಲ್ಲಿ ಬಹಳ ಕಡೆ ಮುಹೂರ್ತಕ್ಕೇ ಟೇಪು, ಆಮೇಲೆ ಸಿ.ಡಿ. ಬಂತು, ಮುನಿಸ್ವಾಮಿ ಈಗ ದೇವಸ್ಥಾನದಲ್ಲಿ ಬೆಳಗಿನ ಹೊತ್ತು ಊದುತ್ತಾನೆ. ಬಿಟ್ಟು ಬಂದ ಗೋಡೆಯಲ್ಲಿ ಮತ್ತೆ ಕಲ್ಲಾಗಿದೆಯೇ ಎಂದು ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಹೋಗುವಾಗ ಈಗಲೂ ನನ್ನನ್ನು ಜೊತೆಗೆ ಕರೆಯುತ್ತಾನೆ. ಆ ಸರ್ಜನ್ ಈಗ ಯಕೃತ್ತಿನ ತುಂಡನ್ನೂ ತೂತಿನಿಂದಲೇ ತೆಗೆಯುತ್ತಾರೆ. ಮೇದೋಜೀರಕ ಗ್ರಂಥಿಗೂ ಕೈ ಹಾಕಿದ್ದಾರಂತೆ. ಹೋದ ಸಲ ಸಿಕ್ಕಾಗ, “ತೂತು ಹೊರಗಿನವರಿಗೆ ಸಣ್ಣದು ಕಾಣ್ತದ್ರಿ. ಒಳಗ ಕೆಲಸಾ ಅಷ್ಟ ಅದ,” ಎಂದರು. ಯಾರಿಗಾದರೂ ಈ ಆಪರೇಷನ್ ಆಗಿ ಮೂರನೇ ದಿನ ಓಡಾಡುತ್ತಿದ್ದರೆ, ಏನೂ ಆಗಿಲ್ಲವೆಂದು ದಯವಿಟ್ಟು ತಿಳಿಯಬೇಡಿ.

ಓಮದ ವಾಸನೆಯ ಆ ಕೋಣೆಗೆ ವಾಪಸ್ ಬರುತ್ತೇನೆ. ನಾದಸ್ವರದವನು ನನ್ನನ್ನು ನೋಡಿ ಬಾಟಲಿಯನ್ನು ಹಿಂದಕ್ಕೆ ಸರಿಸಿದ.

“ಎಲ್ಲಿ ನೋವು?”

“ನೋವಲ್ಲ ಸಾರ್, ಗಾಳಿ.” ಕೈ ಬಲ ಪಕ್ಕೆಯ ಕೆಳಗೆ ಹೋಯಿತು.

ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ. ಬೆಳ್ಳಗೇ ಇತ್ತು. ಅವನು ಗಾಬರಿಯಾಗಿ, “ಬೇರೆಯೋರನ್ನ ಕರೀಬೇಡಿ ಸಾರ್, ಊದ್ತೀನಿ, ನಿಲ್ಲಿಸಲ್ಲ,” ಎಂದ. ಜೇಬಿನಿಂದ ಮೊಬೈಲ್ ತೆಗೆದು ಕತ್ರಿಗುಪ್ಪೆಗೆ ಫೋನ್ ಮಾಡಿದೆ.

“ಮುನಿಸ್ವಾಮಿ, ನಾದಸ್ವರ ತಗೊಂಡು ಆಟೋ ಹತ್ತು. ಇಲ್ಲಿ ಒಬ್ಬನ ಪಕ್ಕದಲ್ಲಿ ಕೂರಬೇಕು. ಮುಹೂರ್ತ ಮುಗಿದ ತಕ್ಷಣ ಅವನನ್ನ ಸ್ಕ್ಯಾನಿಗೆ ಕರ್ಕೊಂಡು ಹೋಗೋಣ.”



“ಬಲಗಡೇನಾ?”

“ಬಲಗಡೆ.”

“ಮೊದ್ಲು ಆ ಬಟ್ಟೆ ಬಿಚ್ಚಿಸು,” ಎಂದ ಮುನಿಸ್ವಾಮಿ. “ಬಂದೆ.”